ಹುಟ್ಟು ಹಿಡಿದವರ ಹಾಡು

ನಮ್ಮ ವಿದ್ಯಾರ್ಥಿನಿಯರ ನದೀವರ್ಣನೆಗಳಲ್ಲಿ ನೀರಿಗಿಂತ ಉಪಮೆಗಳೇ ಹೆಚ್ಚು. ದೋಷವು ಅವರದಲ್ಲ, ದಡವನ್ನು ಬಿಡಲು ನಾವೇ ಅನುಮತಿಸಿಲ್ಲ.

ಐರ್ಲೆಂಡಿನ ಕವಿ ತಾಮಸ್ ಮೂರ್ 1804ರಲ್ಲಿ ಕೆನಡಾದ ಸೇಂಟ್ ಲಾರೆನ್ಸ್ ನದಿಯಲ್ಲಿ ಪ್ರಯಾಣಿಕನಾಗಿ ಕುಳಿತು, ಅಂಬಿಗರ ರಾಗಕ್ಕೆ ಹಾಡು ಕಟ್ಟಿದನು. ಇಂಪಾದ ಹಾಡೇ, ಆದರೆ ನೊಂದ ತೋಳುಗಳು ಅನ್ಯರವು. ಮೊಹಾಕ್ ಮುಖಂಡನ ಮಗಳಾದ ಪಾಲಿನ್ ಜಾನ್ಸನ್ (1861–1913) ಅದೇ ದೇಶದ ಹೊಳೆಗಳಲ್ಲಿ ತಾನೇ ದೋಣಿ ನಡೆಯಿಸುತ್ತಿದ್ದಳು. ದೋಣಿಯ ಹುಟ್ಟೇ ಹಾಡುವಂತೆ ಆಕೆ ಬರೆದ ಕವಿತೆಯು 1892ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಾಳಿ ಬೀಸಲೊಲ್ಲದು. ಆಕೆ ಹಾಯಿಯನ್ನಿಳಿಸಿ ಹುಟ್ಟು ಹಿಡಿಯುತ್ತಾಳೆ. ಹುಟ್ಟು ನೀರಿಗಿಳಿದಂತೆಲ್ಲ ಮಾತುಗಳೂ ಮರುಕಳಿಸುತ್ತವೆ. ಸುಮ್ಮನೆ ಕುಳಿತವರಿಗೆ ಈ ಲಯವು ದಕ್ಕದೆಂದೇ ನಮ್ಮ ಮತ.

ತಾಯ್ತಂದೆಗಳಲ್ಲಿ ನಮ್ಮ ವಿಜ್ಞಾಪನೆ: ಮಗಳಿಗೆ ಮೊದಲು ಈಜು ಕಲಿಸಿರಿ, ಅನಂತರ ಹುಟ್ಟನ್ನು ಕೊಡಿರಿ, ವರ್ಣನೆಯ ಪುಸ್ತಕವನ್ನು ನಾವು ಆಮೇಲೆ ಕೇಳುವೆವು.