ಅರ್ಧ ಬೆಲೆಯ ದೊಡ್ಡ ಕಾರು

ಹಾವೇರಿಯ ದನದ ಸಂತೆಯಲ್ಲಿ ಎತ್ತು ಕೊಳ್ಳುವಾಗ ನಮ್ಮವರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಆಮೇಲೆ ತಾನೆ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವ ಮಾತು. ಅದೇ ಜನ ಹತ್ತು ಹದಿನೈದು ಲಕ್ಷದ ಕಾರನ್ನು ಮಾತ್ರ ಬಣ್ಣ ನೋಡಿ, ಮೂತಿಯ ಮೇಲಿನ ಮುದ್ರೆ ನೋಡಿ ಕೊಳ್ಳಲು ಹೊರಟಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯಬೇಕಾಯಿತು.

ದೊಡ್ಡ ಕಾರಿನ ಆಸೆ ತಪ್ಪೆಂದು ನಾವು ಹೇಳುವವರಲ್ಲ. ಈಚಿನ ವರ್ಷಗಳ ಅಡಿಕೆ ಧಾರಣೆಯಿಂದ ಹಾನಗಲ್ಲ, ಹಿರೇಕೆರೂರ ಕಡೆಯ ತೋಟಗಾರರ ಕೈಯಲ್ಲಿ ಒಂದಿಷ್ಟು ಹಣ ನಿಂತಿದೆ. ಕಾಫಿ ಬೆಳೆಯುವ ಮಿತ್ರರ ಸ್ಥಿತಿಯೂ ಸುಧಾರಿಸಿದೆ. ದುಡಿದವನು ಕಾರಿನಲ್ಲಿ ತಿರುಗಿದರೆ ಯಾರ ಗಂಟೇನು ಹೋಯಿತು?

ಆದರೆ ಕಳೆದ ತಿಂಗಳು ಹಾನಗಲ್ಲ ತಾಲೂಕಿನ ಸದಸ್ಯರೊಬ್ಬರು ಮಗನನ್ನು ಕರೆದುಕೊಂಡು ಸಂಘಕ್ಕೆ ಬಂದರು. ಹುಬ್ಬಳ್ಳಿಯಲ್ಲಿ ಒಂದು ಜರ್ಮನ್ ಕಾರು ಇದೆ, ಪೇಟೆಯಲ್ಲಿ 26 ಲಕ್ಷ ಬಾಳುವಂಥದ್ದು 14 ಲಕ್ಷಕ್ಕೆ ಬರುತ್ತದೆ ಎಂಬುದು ಹುಡುಗನ ಮಾತು. "ಎಂಟು ಲಕ್ಷ ಕೈಯಾಗ ಅದಾವ್ರಿ. ಉಳಿದದ್ದಕ್ಕ ಅಡಿಕಿ ಅಡವಿಟ್ರ ಹೆಂಗ?" ಎಂದು ತಂದೆ ಕೇಳಿದರು. ಇಷ್ಟು ಅಗ್ಗವೇಕೆ ಎಂದು ನಾವು ಕೇಳಿದ್ದಕ್ಕೆ ಹುಡುಗ ಅಂದದ್ದು: "ಏನಿಲ್ರೀ ಕಾಕಾ, ಒಮ್ಮಿ ಸ್ವಲ್ಪ ಡ್ಯಾಮೇಜ್ ಆಗಿತ್ತಂತ. ಎಲ್ಲಾ ಹೊಸಾದು ಹಾಕ್ಯಾರ."

ಅಮೆರಿಕದಲ್ಲಿ ವಿಮೆ ಕಂಪನಿ ಕೈಬಿಟ್ಟ ಕಾರಿನ ಒಡೆತನದ ಪತ್ರದ ಮೇಲೆಯೇ 'ಸಾಲ್ವೇಜ್' ಎಂದು, ಅದನ್ನು ರಿಪೇರಿ ಮಾಡಿ ರಸ್ತೆಗೆ ತಂದ ಮೇಲೆ 'ರೀಬಿಲ್ಟ್' ಎಂದು ಗುರುತು ಹಾಕುವ ಪದ್ಧತಿಯಿದೆ. ಕೊಳ್ಳುವವನು ತಿಳಿದೇ ಕಡಿಮೆ ಬೆಲೆ ಕೊಡುತ್ತಾನೆ. ನಮ್ಮ ಆರ್.ಸಿ.ಯಲ್ಲಿ ಅಂಥ ಗುರುತೇ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ 55ನೇ ಕಲಮಿನಂತೆ, ವಾಹನ ನಾಶವಾದರೆ ಅಥವಾ ಕಾಯಂ ಆಗಿ ಬಳಕೆಗೆ ಬಾರದಂತಾದರೆ ಮಾಲೀಕ 14 ದಿನದೊಳಗೆ ತಿಳಿಸಬೇಕು, ನೋಂದಣಿ ರದ್ದಾಗಬೇಕು. ವಿಮೆಯವರ 'ಟೋಟಲ್ ಲಾಸ್' ಇದಲ್ಲ, ಅದು ಲೆಕ್ಕದ ಮಾತು. ರಿಪೇರಿ ಖರ್ಚು ವಿಮೆ ಮಾಡಿದ ಬೆಲೆಯ ಶೇ. 75 ದಾಟಿತೆಂದರೆ ಕಾರು ಹೋಯಿತೆಂದೇ ಹಿಡಿದು ಮಾಲೀಕನಿಗೆ ಹಣ ಕೊಡುತ್ತಾರೆ. ಕಾರು ಹರಾಜಿಗೆ ಹೋಗುತ್ತದೆ. ಎಷ್ಟೋ ಸಲ ಆರ್.ಸಿ. ಜೀವಂತವಾಗಿಯೇ ಅದರ ಬೆನ್ನು ಹತ್ತಿ ಹೋಗುತ್ತದೆ.

ಇಂಥ ಕಾರೆಲ್ಲ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ದೊಡ್ಡ ಕಾರಿನ ಬಿಡಿಭಾಗಗಳು ತೀರ ದುಬಾರಿ. ಎಂಟು ವರ್ಷದ ಕಾರಿಗೆ ಮುಂಭಾಗ ಬಡಿದು ಎರಡು ಏರ್‌ಬ್ಯಾಗ್ ಬಿಚ್ಚಿಕೊಂಡವೆಂದರೆ, ಎಂಜಿನ್ನು, ಚೌಕಟ್ಟು ಗಟ್ಟಿಯಿದ್ದರೂ ಶೇ. 75 ದಾಟಬಹುದು. ಅದನ್ನು ಪ್ರಾಮಾಣಿಕವಾಗಿ ಸರಿಪಡಿಸಿ, ಬಿಲ್ಲು, ಫೋಟೋ ಎಲ್ಲ ಮುಂದಿಟ್ಟು ಮಾರಿದರೆ ವಿಚಾರ ಮಾಡಬಹುದು. ನೀರು ಕುಡಿದ ಕಾರಿನ ಮಾತು ಬೇರೆ. 2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಕಡೆ ಶ್ರೀಮಂತರ ಬಡಾವಣೆಗಳಿಗೆ ನೀರು ನುಗ್ಗಿ, ಕೋಟಿ ಬೆಲೆಯ ಕಾರುಗಳು ಅಂಗಳದಲ್ಲೇ ಮುಳುಗಿದ್ದವು. ಜನರನ್ನು ಹೊರಗೆ ತಂದದ್ದು ಟ್ರ್ಯಾಕ್ಟರು. (ನಮ್ಮ ಟ್ರ್ಯಾಕ್ಟರಿಗೆ ರಾಜಧಾನಿಯಲ್ಲಿ ಅಷ್ಟು ಮರ್ಯಾದೆ ಸಿಕ್ಕದ್ದು ಅದೇ ಮೊದಲಿರಬೇಕು.) ಈ ಕಾರುಗಳಲ್ಲಿ ಬ್ರೇಕು, ಗೇರು, ಏರ್‌ಬ್ಯಾಗು ಎಲ್ಲಕ್ಕೂ ಒಂದೊಂದು ಕಂಪ್ಯೂಟರ್ ಪೆಟ್ಟಿಗೆ, ಕೆಲವು ಸೀಟಿನ ಅಡಿಯಲ್ಲಿ, ಕಾರ್ಪೆಟ್ಟಿನ ಕೆಳಗೇ ಇರುತ್ತವೆ. ಒಳಗೆ ಸೇರಿದ ಕೆಸರುನೀರು ವಯರಿನ ಸಂದುಗಳನ್ನು ತಿಂಗಳುಗಟ್ಟಲೆ ತಿನ್ನುತ್ತದೆ. ಕೊಂಡ ದಿನ ಓಡಿದ ಕಾರು ಮುಂದಿನ ಮಳೆಗಾಲಕ್ಕೆ ದಾರಿಯಲ್ಲಿ ನಿಂತಿತೆಂದರೆ ಆಶ್ಚರ್ಯವಿಲ್ಲ.

ಹಾಗಾಗಿ ಒಬ್ಬ ಮೆಕ್ಯಾನಿಕನನ್ನು ಜೊತೆಗಿಟ್ಟುಕೊಂಡು ನಾವೂ ಹುಬ್ಬಳ್ಳಿಗೆ ಹೋದೆವು. ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಒಳಗೆ ಅತ್ತರಿನ ಘಾಟು ಮಾತ್ರ ಅತಿಯಾಗಿತ್ತು. ಮೆಕ್ಯಾನಿಕ್ ಎಂಜಿನ್ನಿನ ಕಡೆ ಹೋಗಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೂ ಎಳೆದ. ಕೊನೆಯ ಒಂದು ಗೇಣು ಬೆಲ್ಟು ಕೆಮ್ಮಣ್ಣಿನ ಬಣ್ಣಕ್ಕಿತ್ತು. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿಯ ಗುಂಡಿಗೆ ಕೈಹಾಕಿದ. ಬೋಲ್ಟಿನ ಬುಡದಲ್ಲಿ ಒಣಗಿದ ಮಣ್ಣು ಉಗುರಿಗೆ ಬಂತು. ಆಮೇಲೆ ಕೀಲಿ ತಿರುಗಿಸಿ, "ಏರ್‌ಬ್ಯಾಗಿನ ದೀಪ ನೋಡ್ರಿ" ಎಂದ. ಅದು ಹೊತ್ತಿ ಕೆಲವು ಸೆಕೆಂಡಿಗೆ ಆರಬೇಕು. ಇಲ್ಲಿ ಹೊತ್ತಲೇ ಇಲ್ಲ. ಅಪಘಾತದ ಹೊತ್ತಿನಲ್ಲಿ ಆ ಚೀಲ ಉಬ್ಬುತ್ತದೆಂಬ ಭರವಸೆ ಅಲ್ಲಿಗೆ ಮುಗಿಯಿತು. ಹಿಂದಿನ ಸೀಟಿನಲ್ಲಿ ಕೂರಬೇಕಾದವರು ಆ ಹುಡುಗನ ತಾಯಿ, ತಂಗಿ.

ಕಾಗದಗಳೂ ಅದೇ ಕಥೆ ಹೇಳಿದವು. ಆರ್.ಸಿ. ಇನ್ನೂ ಬೆಂಗಳೂರಿನ ಮೊದಲ ಮಾಲೀಕರ ಹೆಸರಿನಲ್ಲಿತ್ತು. ದಲಾಲಿಯ ಕೈಯಲ್ಲಿದ್ದದ್ದು ಸಹಿ ಮಾಡಿದ ಖಾಲಿ 29, 30ನೇ ನಮೂನೆಗಳು. ಸರ್ವಿಸ್ ದಾಖಲೆ 2022ರ ಆಗಸ್ಟಿನವರೆಗೆ ತಪ್ಪದೆ ನಡೆದು, ಬಳಿಕ ಒಂದಕ್ಷರವಿಲ್ಲ. ಹಳೆಯ ವಿಮೆ ಪಾಲಿಸಿ ಕೇಳಿದರೆ "ಹುಡುಕಿಸ್ತೀನಿ" ಎಂದ. ಸದಸ್ಯರು ಈ ಪಾಲಿಸಿಯನ್ನು ಬಿಡದೆ ಕೇಳಬೇಕು. ಕ್ಲೇಮು ಮಾಡದ ಮಾಲೀಕನಿಗೆ ವರ್ಷದಿಂದ ವರ್ಷಕ್ಕೆ ರಿಯಾಯಿತಿ ಏರಿ ಶೇ. 50ರವರೆಗೆ ಹೋಗುತ್ತದೆ, ಅದು ಒಮ್ಮೆಲೇ ಸೊನ್ನೆಗೆ ಇಳಿದಿದ್ದರೆ ಕಾರಣ ಕೇಳಬೇಕಾಗುತ್ತದೆ. ಛಾಸಿ ನಂಬರನ್ನು ಆರ್.ಸಿ.ಯೊಂದಿಗೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಬೇಕು. ಗುಜರಿ ಕಾರಿನ ನಂಬರನ್ನು ಕದ್ದ ಕಾರಿಗೆ ಕೂರಿಸಿ ಮಾರುವ ದಂಧೆ ದೇಶದಲ್ಲಿ ಹಳೆಯದು. ಅಂಥ ಕಾರನ್ನು ಪೊಲೀಸರು ಒಯ್ದರೆ ಕಾರೂ ಇಲ್ಲ, ಹಣವೂ ಇಲ್ಲ.

ಇನ್ನು ನಮ್ಮ ಊರ ಸ್ಥಿತಿ. ಸವಣೂರ, ಶಿಗ್ಗಾವಿಯ ಎರೆ ಹೊಲದ ದಾರಿಯಲ್ಲಿ ಮಳೆ ಬಿದ್ದ ಮರುದಿನ ಚಕ್ಕಡಿಯೇ ಹೂಳುತ್ತದೆ. ಹೊಟ್ಟೆ ನೆಲಕ್ಕೆ ತಾಗುವ ಕಾರಿನ ಪಾಡು ಹೇಳಬೇಕೆ? ನಮ್ಮ ನಾಲ್ಕೂ ತಾಲೂಕುಗಳಲ್ಲಿ ಇದಕ್ಕೊಂದು ಕಂಪನಿ ವರ್ಕ್‌ಶಾಪ್ ಇಲ್ಲ. ಅಗ್ಗಕ್ಕೆ ಕೊಂಡರೂ ಬಿಡಿಭಾಗಗಳಿಗೆ ತೆರಬೇಕಾದದ್ದು ಹೊಸ ಕಾರಿನ ಬೆಲೆಯನ್ನೇ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು: ನೀರು ಹೊಕ್ಕ ಕಾರನ್ನು ಯಾವ ಬೆಲೆಗೂ ಕೊಳ್ಳಬೇಡಿ, ಬಡಿದು ರಿಪೇರಿಯಾದ ಕಾರನ್ನು ಪೂರ್ತಿ ಕಾಗದವಿಲ್ಲದೆ ಕೊಳ್ಳಬೇಡಿ, ಎರಡಕ್ಕೂ ಅಡಿಕೆ ಅಡವಿಡಬೇಡಿ. ವಿಮೆಯವರು ಟೋಟಲ್ ಲಾಸ್ ಎಂದು ಹಣ ಕೊಟ್ಟ ಪ್ರತಿ ವಾಹನದ ಆರ್.ಸಿ.ಯಲ್ಲಿ ಅದನ್ನು ನಮೂದಿಸಬೇಕೆಂದು ಸಾರಿಗೆ ಇಲಾಖೆಗೆ ಬರೆಯುವ ಠರಾವನ್ನು ಬರುವ ಮಹಾಸಭೆಯ ಮುಂದಿಡಲಿದ್ದೇವೆ. ವಿಮೆ ಕಂಪನಿಯ ಕಡತದಲ್ಲಿರುವ ಒಂದು ಸಾಲು ಆರ್.ಸಿ.ಗೆ ಬರಲು ಏನು ಅಡ್ಡಿಯೋ ನಮಗೆ ತಿಳಿಯದು.

ಹುಡುಗ ಮರಳಿ ಬರುವಾಗ ಬಂಕಾಪುರದವರೆಗೆ ಮಾತಾಡಲಿಲ್ಲ. ಮರುದಿನ ದಲಾಲಿ ಫೋನು ಮಾಡಿ ಇನ್ನೂ ಒಂದು ಲಕ್ಷ ಇಳಿಸಿದನಂತೆ; ತಂದೆಯೇ ಬೇಡವೆಂದರು. ಕಳೆದ ವಾರ ಹುಬ್ಬಳ್ಳಿಗೆ ಹೋದಾಗ ನೋಡಿದೆವು, ಆ ಕಾರು ಅಲ್ಲಿರಲಿಲ್ಲ. ಹಾವೇರಿ ಕಡೆಯವರೇ ಯಾರೋ ಒಯ್ದರೆಂದು ಪಕ್ಕದ ಅಂಗಡಿಯವರು ಹೇಳಿದರು.