ಜೂಜಿನ ಆದಾಯ, ನ್ಯಾಯದ ಧನ

ಶ್ರಾವಕನು ತ್ಯಜಿಸಬೇಕಾದ ಏಳು ವ್ಯಸನಗಳನ್ನು ಜೈನಾಚಾರ್ಯರು ಹೆಸರಿಸಿದ್ದಾರೆ: ಜೂಜು, ಮಾಂಸ, ಮದ್ಯ, ವೇಶ್ಯಾಸಂಗ, ಬೇಟೆ, ಕಳವು ಮತ್ತು ಪರಸ್ತ್ರೀಸಂಗ. ಬೇಟೆಯಲ್ಲಿ ಪ್ರಾಣಹಿಂಸೆಯಿದೆ, ಕಳವಿನಲ್ಲಿ ಪರಸ್ವತ್ತಿನ ಅಪಹರಣವಿದೆ. ಮೇಲ್ನೋಟಕ್ಕೆ ಯಾರಿಗೂ ಪೆಟ್ಟಾಗದ ಜೂಜಿಗೆ ಮೊದಲ ಸ್ಥಾನವೇಕೆ? ಉಳಿದ ವ್ಯಸನಗಳಿಗೆ ಅದು ಬಾಗಿಲು ತೆರೆಯುತ್ತದೆ. ಸೋತವನು ಸಾಲ ಮಾಡುತ್ತಾನೆ, ಸುಳ್ಳಾಡುತ್ತಾನೆ, ಕೊನೆಗೆ ಕಳವಿಗೂ ಕೈಹಾಕುತ್ತಾನೆ. ಗೆದ್ದವನಿಗೆ ಬೆವರಿಲ್ಲದೆ ಬಂದ ಹಣವೇ ಮದವಾಗುತ್ತದೆ.

‘ಜೂಜನ್ನು ತಡೆಯಲಾಗದು, ಕಾನೂನಿನ ಚೌಕಟ್ಟಿಗೆ ತಂದರೆ ಬೊಕ್ಕಸಕ್ಕೆ ತೆರಿಗೆಯಾದರೂ ಬರುತ್ತದೆ, ಹಲವರಿಗೆ ಉದ್ಯೋಗ ಸಿಗುತ್ತದೆ’ ಎಂಬುದು ಇಂದಿನ ವಾದ. ಅನೇಕಾಂತವನ್ನು ನಂಬುವವರು ಇದನ್ನು ಕೇಳದೆ ತಳ್ಳಿಹಾಕಬಾರದು. ಕೇರಳ ಸರ್ಕಾರವು 1967ರಿಂದ ಲಾಟರಿ ನಡೆಸುತ್ತಿದೆ. ಟಿಕೆಟ್ ಮಾರುವವರಲ್ಲಿ ವೃದ್ಧರೂ ಅಂಗವಿಕಲರೂ ಇದ್ದಾರೆ. ಕಾರುಣ್ಯ ಲಾಟರಿಯ ಹಣ ಬಡರೋಗಿಗಳ ಚಿಕಿತ್ಸೆಗೆ ಒದಗಿದೆ. ಈ ಉಪಕಾರ ಸುಳ್ಳಲ್ಲ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಒಕ್ಕಲಿಗ ಧಾನ್ಯ ಬೆಳೆಯುತ್ತಾನೆ, ನೇಕಾರ ಬಟ್ಟೆ ನೆಯ್ಯುತ್ತಾನೆ. ಜೂಜು ಹೊಸತೇನನ್ನೂ ಉತ್ಪಾದಿಸದು. ಹಲವರ ಜೇಬಿನಿಂದ ಕೆಲವರ ಜೇಬಿಗೆ ಹಣವನ್ನು ಸಾಗಿಸುತ್ತದೆ, ಅಷ್ಟೆ. ಬಂದ ತೆರಿಗೆ ಒಂದೇ ಪುಸ್ತಕದಲ್ಲಿ ದಾಖಲಾಗುತ್ತದೆ. ಅಡವಿಟ್ಟ ಮಾಂಗಲ್ಯ, ಕಟ್ಟಲಾಗದ ಶಾಲಾ ಶುಲ್ಕ, ಮುರಿದ ಸಂಸಾರಗಳು ಸಾವಿರಾರು ಮನೆಗಳಲ್ಲಿ ಚದುರಿಹೋಗಿ ಯಾವ ಪುಸ್ತಕಕ್ಕೂ ಏರುವುದಿಲ್ಲ. ಕರ್ನಾಟಕವು 2007ರಲ್ಲಿ ಆದಾಯವನ್ನು ಬಿಟ್ಟುಕೊಟ್ಟು ಲಾಟರಿಯನ್ನು ನಿಷೇಧಿಸಿತು. ಹಣ ಪಣವಿಡುವ ಆನ್‌ಲೈನ್ ಆಟಗಳಲ್ಲಿ ಸುಮಾರು 45 ಕೋಟಿ ಜನ ವರ್ಷಕ್ಕೆ ಅಂದಾಜು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು 2025ರಲ್ಲಿ ಕೇಂದ್ರ ಸರ್ಕಾರದ ಅಂದಾಜಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅವುಗಳ ನಿಷೇಧಕ್ಕೆ ಕಾನೂನು ಮಾಡಿತು. ಗೋವೆಯ ಮಾಂಡವಿ ನದಿಯಲ್ಲಿ ಕ್ಯಾಸಿನೊ ಹಡಗುಗಳು ತೇಲುತ್ತವೆ. ಆದರೆ ಅಲ್ಲಿ ಜೂಜಾಡಲು ಗೋವೆಯವರಿಗೇ 2020ರಿಂದ ಪ್ರವೇಶವಿಲ್ಲ. ಮನೆಯವರಿಗೆ ಬೇಡವಾದ ಅಡುಗೆ ಅತಿಥಿಗೆ ಹಿತವಾದೀತೆ?

ಜೈನಧರ್ಮವು ಕರ್ಮಾಸ್ರವಕ್ಕೆ ಮೂರು ದಾರಿಗಳನ್ನು ಹೇಳುತ್ತದೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು. ಪಣವಿಟ್ಟವನದು ಕೃತ. ಅದಕ್ಕೆ ಪರವಾನಗಿ ನೀಡಿ ಪಾಲು ಪಡೆಯುವ ಆಳ್ವಿಕೆಯದು ಕಾರಿತ. ‘ಯಾರೋ ಆಡಲಿ, ನಮ್ಮೂರಿಗೆ ರಸ್ತೆಯಾದರೆ ಸಾಕು’ ಎನ್ನುವ ನಮ್ಮದು ಅನುಮೋದನೆ. ಎಂದೂ ಪಣವಿಡದ ಸಜ್ಜನನೂ ಈ ಮೂರನೆಯ ಬಾಗಿಲಿನಿಂದ ಒಳಗೆ ಬಂದಿರುತ್ತಾನೆ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರ ಧರ್ಮಾಮೃತ’ದಲ್ಲಿ ಗೃಹಸ್ಥನ ಅರ್ಹತೆಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗಿಟ್ಟರು. ದಾನದ ಮಾತು ಅನಂತರದ್ದು. ರೋಗಿಗೆ ಔಷಧ ಕೊಡುವುದು ಶ್ರೇಷ್ಠ ದಾನ. ಆದರೆ ಒಂದು ಮನೆಯ ಅನ್ನವನ್ನು ಕಿತ್ತು ಇನ್ನೊಂದು ಮನೆಗೆ ಔಷಧ ಒದಗಿಸುವುದು ದಾನದ ಮಾರ್ಗವಲ್ಲ. ಚಿಕಿತ್ಸೆಯ ಹೊಣೆಯನ್ನು ಉಳ್ಳವರ ತೆರಿಗೆಯೂ ದಾನವೂ ಹೊರಬೇಕೇ ವಿನಾ ಆಸೆಗೆ ಬಿದ್ದ ಬಡವನ ಕೂಲಿಯಲ್ಲ.

ನಿಷೇಧವೊಂದರಿಂದಲೇ ಜೂಜು ಅಳಿಯದು. ಕಳ್ಳದಾರಿಯ ಮಟ್ಕಾ ಇದಕ್ಕೆ ಸಾಕ್ಷಿ. ಕಾನೂನು ಹೊರಗಿನ ಬೇಲಿ, ವ್ರತ ಒಳಗಿನ ಕಾವಲು. ಬಯಕೆಗೆ ಮಿತಿ ಹಾಕಿಕೊಳ್ಳುವ ಪರಿಗ್ರಹ ಪರಿಮಾಣವನ್ನು ಹಿರಿಯರು ಮೊದಲು ತಾವು ಪಾಲಿಸಲಿ. ದುಡಿಯದೆ ಬರುವ ಹಣಕ್ಕೆ ಅಪ್ಪ ಹಿಗ್ಗದ ಮನೆಯಲ್ಲಿ ಮಗನ ಕೈಯ ಮೊಬೈಲ್ ಜೂಜಿನ ಹಾಸಾಗುವ ಭಯ ಕಡಿಮೆ.