ಕನ್ನಡದ ಹೆಸರಿನಲ್ಲಿ ಬಾಯಿಗೆ ಬೀಗ

“ಸಾರ್, ನೀವೂ ಕನ್ನಡದವರು. ನಮ್ಮವರ ಹೊಟ್ಟೆಯ ಮೇಲೆ ಹೊಡೆಯಬಹುದೇ?” ದೂರವಾಣಿಯಲ್ಲಿ ಈ ಮಾತು ಕೇಳಿದಾಗ ಒಂದು ಗಳಿಗೆ ನನಗೆ ನಾಚಿಕೆಯಾದದ್ದು ನಿಜ. ನಾಚಿಕೆ ಪಡಬೇಕಾದವನು ನಾನಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ಮುಂಬಯಿಯಲ್ಲಿದ್ದುಕೊಂಡು ಕನ್ನಡ ಪುಸ್ತಕ ಬೇಕೆಂದರೆ, ಊರಿಗೆ ಹೋಗಿಬರುವವರ ಚೀಲವನ್ನು ಕಾಯುತ್ತಿದ್ದ ಕಾಲವೊಂದಿತ್ತು. ಈಗ ಮೊಬೈಲಿನ ಮೇಲೆ ಬೆರಳಾಡಿಸಿದರೆ ನಾಲ್ಕಾರು ದಿನಗಳಲ್ಲಿ ಪುಸ್ತಕ ಮನೆಬಾಗಿಲಿಗೆ ಬರುತ್ತದೆ. ಹೊರನಾಡ ಕನ್ನಡಿಗರಿಗೆ ಇದು ಸಣ್ಣ ಉಪಕಾರವಲ್ಲ. ಹಾಗೆಯೇ ಒಂದು ದೊಡ್ಡ ಆನ್‌ಲೈನ್ ಮಳಿಗೆಯ ಮೂಲಕ, ಕರ್ನಾಟಕದ ಮಾರಾಟಗಾರರೊಬ್ಬರಿಂದ, ಹೆಸರಾಂತ ಕಾದಂಬರಿಯೊಂದನ್ನು ತರಿಸಿದೆ. ಬಂದದ್ದು ಕಳ್ಳಮುದ್ರಣ. ಮುಖಪುಟ ಫೋಟೋಕಾಪಿಯ ಫೋಟೋಕಾಪಿ. ಒತ್ತಕ್ಷರಗಳು ಮಸಿಯಲ್ಲಿ ಕಲಸಿಹೋಗಿದ್ದವು. 16 ಪುಟಗಳು ಎರಡೆರಡು ಸಲ ಬಂದು, ಅವುಗಳ ಮುಂದಿನ 16 ಪುಟಗಳು ಇರಲೇ ಇಲ್ಲ. ಒಂದು ನಕ್ಷತ್ರ ಕೊಟ್ಟು, ಚಿತ್ರಸಮೇತ ನಾಲ್ಕು ಸಾಲಿನ ಅಭಿಪ್ರಾಯ ಬರೆದೆ.

ಮರುದಿನದಿಂದ ಕರೆಗಳು. ಮೊದಲನೆಯದು ಬರೀ ವಿನಯ: ಹಣ ಹಿಂದಿರುಗಿಸುತ್ತೇವೆ, ಪುಸ್ತಕವನ್ನೂ ಇಟ್ಟುಕೊಳ್ಳಿ, ಬರೆದದ್ದನ್ನು ಮಾತ್ರ ಅಳಿಸಿಬಿಡಿ. ಎರಡನೆಯದು ಮೇಲೆ ಹೇಳಿದ ಕನ್ನಡಾಭಿಮಾನ. ಮೂರನೆಯದರಲ್ಲಿ ಅಭಿಮಾನ ಕರಗಿ ಮಾನನಷ್ಟ ಮೊಕದ್ದಮೆಯ ಮಾತು ಬಂತು. “ನಿಮ್ಮ ವಿಳಾಸ ನಮ್ಮ ಹತ್ತಿರ ಇದೆಯಲ್ಲ” ಎಂದು ನಗುತ್ತಲೇ ಹೇಳಿದರು. ಪುಸ್ತಕ ತಲುಪಿಸಲೆಂದು ಕೊಟ್ಟ ವಿಳಾಸವದು!

ಈ ಮೂರರಲ್ಲಿ ಮೊದಲ ಕರೆಯೇ ಹೆಚ್ಚು ಅಪಾಯದ್ದೆಂದು ನನ್ನ ಅಭಿಪ್ರಾಯ. ಬೆದರಿಕೆಗೆ ಸಿಟ್ಟಾದರೂ ಬರುತ್ತದೆ, ವಿನಯಕ್ಕೆ ಬರುವುದಿಲ್ಲ. ಕೆಟ್ಟ ಸರಕಿನ ಹಣ ಹಿಂದಿರುಗಿಸುವುದು ಮಾರಾಟಗಾರನ ಕರ್ತವ್ಯ. ಅದನ್ನು ಮೌನದ ಬೆಲೆಯಾಗಿ ಕೊಡುವ ಅಧಿಕಾರ ಅವನಿಗಿಲ್ಲ. ಹಣ ನನ್ನದು, ಒಪ್ಪಿದೆ. ಆದರೆ ಬರೆದ ಮಾತು ನನ್ನೊಬ್ಬನದಲ್ಲ. ನಾಳೆ ಪುಣೆಯಲ್ಲೋ ದೆಹಲಿಯಲ್ಲೋ ಕುಳಿತು ಅದೇ ಪುಸ್ತಕ ತರಿಸಲಿರುವ ಓದುಗನ ಪಾಲೂ ಅದರಲ್ಲಿದೆ. ಅವನ ಪಾಲನ್ನು ಮೂರು ನೂರು ರೂಪಾಯಿಗೆ ಮಾರಲು ನಾನು ಯಾರು? ಮಾಟುಂಗಾದ ಅಂಗಡಿಯಲ್ಲಿ ಹುಳ ಬಿದ್ದ ಅಕ್ಕಿ ಕೊಟ್ಟರೆ, ಅವರ ಎದುರಿಗೇ ಸುರಿದು ದನಿಯೆತ್ತಿ ಕೇಳಬಹುದು. ಪಕ್ಕದ ಗಿರಾಕಿ ತನ್ನ ಚೀಲವನ್ನೂ ಬಿಚ್ಚಿ ನೋಡಿಕೊಳ್ಳುತ್ತಾನೆ. ಆನ್‌ಲೈನ್ ಪೇಟೆಯಲ್ಲಿ ಪಕ್ಕದ ಗಿರಾಕಿ ಕಣ್ಣಿಗೆ ಕಾಣುವವನಲ್ಲ. ನಾವು ಬರೆಯುವ ನಾಲ್ಕು ಸಾಲೇ ಅವನ ಕಿವಿಗೆ ಬೀಳುವ ದನಿ.

ಇನ್ನು ಕನ್ನಡಾಭಿಮಾನದ ವಿಚಾರ. ಕಳ್ಳಮುದ್ರಣದ ಒಂದೊಂದು ಪ್ರತಿಯೂ ಕನ್ನಡ ಲೇಖಕನ ಗೌರವಧನವನ್ನು, ಕನ್ನಡ ಪ್ರಕಾಶಕನ ಬಂಡವಾಳವನ್ನು ತಿಂದೇ ನಮ್ಮ ಮನೆಗೆ ಬರುತ್ತದೆ. ಹೊಟ್ಟೆಯ ಮೇಲೆ ಹೊಡೆದವರು ಯಾರು ಹಾಗಾದರೆ? ಪರಸ್ಥಳದಲ್ಲಿರುವ ನಾವು ‘ನಮ್ಮವರು’ ಎಂಬ ಮಾತಿಗೆ ಬೇಗ ಕರಗುತ್ತೇವೆ. ನಮ್ಮ ಸಂಘಗಳು ಕಟ್ಟಿಕೊಂಡದ್ದೇ ಹಾಗೆ ಕರಗುವ ಮನಸ್ಸಿನಿಂದ. ಆ ಮನಸ್ಸನ್ನು ವ್ಯಾಪಾರದ ಹುಳುಕಿಗೆ ತೇಪೆಯಾಗಿ ಬಳಸುವುದನ್ನು ಸಹಿಸಲಾಗದು. ಈ ಪ್ರಸಂಗವನ್ನು ಮಿತ್ರರೊಬ್ಬರಿಗೆ ಹೇಳಿದಾಗ, “ಕನ್ನಡ ಪುಸ್ತಕ ಮಾರುವವರೇ ಕಡಿಮೆ ಮಾರಾಯರೆ, ಇರುವವರನ್ನೂ ಓಡಿಸಬೇಡಿ” ಎಂದರು. ಅವರ ಕಳವಳ ಪ್ರಾಮಾಣಿಕವಾದದ್ದು. ಆದರೆ ನಕಲು ಪ್ರತಿಯನ್ನು ಅಗ್ಗವಾಗಿ ಮಾರುವವನೇ ಅಲ್ಲವೇ, ಅಸಲು ಪ್ರತಿ ಮಾರುವವನನ್ನು ಪೇಟೆಯಿಂದ ಓಡಿಸುವವನು?

ಮಾನನಷ್ಟದ ಬೆದರಿಕೆಯಲ್ಲಿ ಹುರುಳಿದೆಯೇ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಮಾನನಷ್ಟವನ್ನು ಅಪರಾಧವೆನ್ನುತ್ತದೆ. ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯವನ್ನೂ, ಇತರರ ಒಳಿತಿಗೆಂದು ಸದ್ಭಾವದಿಂದ ಕೊಟ್ಟ ಎಚ್ಚರಿಕೆಯನ್ನೂ ಅದೇ ಕಲಮಿನ ಅಪವಾದಗಳು ಕಾಪಾಡುತ್ತವೆ. ಬೈಗುಳವನ್ನಲ್ಲ. ನನ್ನ ಬರಹದಲ್ಲಿ ‘ಕಳ್ಳರ ಸಂತೆ’ ಎಂಬ ಮಾತೊಂದಿತ್ತು, ಅದನ್ನು ತೆಗೆದುಹಾಕಿದೆ. ಹೆದರಿ ಅಲ್ಲ. ಅವರೇ ಅಚ್ಚು ಹಾಕಿಸಿದರೋ, ಅವರೂ ಬೇರೊಬ್ಬರಿಂದ ಮೋಸಹೋದರೋ ನಾನು ಕಂಡಿರಲಿಲ್ಲ. ದಿನಾಂಕ, ಪುಟಸಂಖ್ಯೆ, ಚಿತ್ರ ಇವಿಷ್ಟು ಉಳಿದವು. ಅಳಿಸುವುದಾದರೆ ಹಣ ಕೊಡುತ್ತೇವೆಂದರು ಎಂಬ ಹೊಸ ಸಾಲೊಂದನ್ನು ಸೇರಿಸಿದೆ.

ಆನ್‌ಲೈನ್ ಮಳಿಗೆಯವರು ಈ ನಾಟಕದಲ್ಲಿ ಪ್ರೇಕ್ಷಕರಂತೆ ಕುಳಿತಿರುವುದು ನನಗೆ ಹೆಚ್ಚು ಅಸಹ್ಯವೆನಿಸಿತು. ನಕ್ಷತ್ರಗಳನ್ನು ತೋರಿಸಿ ನಮ್ಮ ನಂಬಿಕೆ ಗಳಿಸುವವರು ಅವರು. ನಕ್ಷತ್ರ ಕೊಟ್ಟವನಿಗೆ ಕಾಟ ಬಂದಾಗ ಕಾಣೆಯಾಗುವವರೂ ಅವರೇ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವರ ದೂರು ಅಧಿಕಾರಿ 48 ಗಂಟೆಗಳೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮಾರಾಟಗಾರನು ಗ್ರಾಹಕನ ವೇಷ ಹಾಕಿ ಅಭಿಪ್ರಾಯ ಬರೆಯುವುದನ್ನೂ ಆ ನಿಯಮಗಳು ನಿಷೇಧಿಸಿವೆ. ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಗ್ರಾಹಕರ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ಐಎಸ್ 19000 ಎಂಬ ಮಾನಕವನ್ನು ಹೊರತಂದಾಗ, ಅದನ್ನು ಪಾಲಿಸುವುದು ವ್ಯಾಪಾರಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಮೆರಿಕದಲ್ಲಿ 2024ರ ನಿಯಮವೊಂದು, ಆಧಾರವಿಲ್ಲದ ಮೊಕದ್ದಮೆಯ ಬೆದರಿಕೆಯೊಡ್ಡಿ ಗ್ರಾಹಕನ ಅಭಿಪ್ರಾಯವನ್ನು ಅಳಿಸುವುದನ್ನು ಹೆಸರಿಟ್ಟೇ ನಿಷೇಧಿಸಿದೆ. ಅಷ್ಟು ನೇರವಾದ ಮಾತು ನಮ್ಮ ನಿಯಮಗಳಲ್ಲಿಯೂ ಬರಬೇಕು.

ಹೊರನಾಡಿನವರಾದ ನಮಗೆ ವಿಶೇಷವಾಗಿ ಒದಗುವ ಅನುಕೂಲವೊಂದಿದೆ. 1986ರ ಕಾಯ್ದೆಯಡಿ, ಎದುರುಪಕ್ಷದವರು ಇರುವಲ್ಲಿ ಅಥವಾ ವ್ಯಾಜ್ಯದ ಕಾರಣ ಹುಟ್ಟಿದಲ್ಲಿ ದೂರು ಕೊಡಬೇಕಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೂರುದಾರನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲಿಯೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ; ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಉಂಟು. ಅಲ್ಲಿ ಕನ್ನಡದಲ್ಲಿಯೇ ದೂರು ಹೇಳಬಹುದು. ಮುಂಬಯಿಯಲ್ಲಿ ಕುಳಿತು ಕನ್ನಡದಲ್ಲಿ ದೂರು ಕೊಟ್ಟಾಗ, ನನ್ನ ಕನ್ನಡಾಭಿಮಾನಕ್ಕೂ ಕೊಂಚ ಸಮಾಧಾನವಾಯಿತೆನ್ನಿ.

ಮೂರನೆಯ ವಾರದಲ್ಲಿ ಹಣ ಬಂತು. ಕರೆಗಳು ನಿಂತವು. ‘ಹಣ ಹಿಂದಿರುಗಿಸಿದ್ದಾರೆ’ ಎಂದು ನನ್ನ ಬರಹದ ಕೆಳಗೆ ಸೇರಿಸಿದ್ದೇನೆ. ಮೇಲಿನ ಸಾಲುಗಳು ಅಲ್ಲಿಯೇ ಇವೆ.